ಹಾಡಿನ ವಿಡಿಯೊ ಯಾರಿಗೆ ತೋರಿಸಿ ಕೇಳಬೇಕು? ವಾಟ್ಸ್‌ಆಪ್ ಗುಂಪಿನಿಂದ ಚಹಾ ಅಂಗಡಿವರೆಗೆ ಒಂದು ಹೋಲಿಕೆ

ಬಾಗಲಕೋಟೆಯಲ್ಲಿ ಡಿಗ್ರಿಯ ಕೊನೆಯ ವರ್ಷ ನಾವು ಐದು ಜನ ಸೇರಿ ಒಂದು ಹಾಡಿನ ವಿಡಿಯೊ ಮಾಡಿದೆವು. ಹಾಡು ನಮ್ಮದೇ. ಬರೆದವಳು ನಮ್ಮ ತಂಡದ ಗೆಳತಿ, ಹಾಡಿದವನು ಒಬ್ಬ ಜೂನಿಯರ್. ವಿಷಯ ಮುಳುಗಡೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆ ಊರಿನ ಎಷ್ಟೋ ಓಣಿಗಳು ಹೋದವು, ಜನ ನವನಗರದ ಸೆಕ್ಟರ್‌ಗಳಿಗೆ ಬಂದರು. ಆ ಕಥೆ ಕೇಳುತ್ತಲೇ ನಾವು ಬೆಳೆದವರು.

ಇದು ಕಾಲೇಜಿನ ಪ್ರಾಜೆಕ್ಟ್. ವಿಡಿಯೊ ಜೊತೆಗೆ ಒಂದು ಪೋಸ್ಟರ್, ಹಾಡಿನ ಕವರ್ ಚಿತ್ರ, 30 ಸೆಕೆಂಡಿನ ಟೀಸರ್ ಕೊಡಬೇಕಿತ್ತು. ನೋಡುಗರ ಅಭಿಪ್ರಾಯ ಹೇಗೆ ತೆಗೆದುಕೊಂಡಿರಿ, ಅದರಿಂದ ಏನು ಬದಲಾಯಿತು ಎಂದು ವರದಿಯನ್ನೂ ಬರೆಯಬೇಕಿತ್ತು. ಈಗ ಜೂನಿಯರ್‌ಗಳು ಕೇಳುತ್ತಾರೆ: "ಅಕ್ಕಾ, ಒಂದು ಗೂಗಲ್ ಫಾರ್ಮ್ ಕಳಿಸಿದರೆ ಸಾಕಲ್ವಾ?" ಸಾಲದು. ನಾವು ಆರು ದಾರಿ ಹಿಡಿದು ನೋಡಿದೆವು. ಯಾವುದು ಎಲ್ಲಿ ಕೈಹಿಡಿಯಿತು, ಎಲ್ಲಿ ಕೈಕೊಟ್ಟಿತು ಎಂದು ಇಲ್ಲಿ ಹೇಳುತ್ತೇನೆ. ನಿಮ್ಮ ಹತ್ತಿರ ಇರುವ ದಿನ, ದುಡ್ಡು ನೋಡಿಕೊಂಡು ಆರಿಸಿಕೊಳ್ಳಿ.

ವಾಟ್ಸ್‌ಆಪ್ ಗುಂಪು

ಎಲ್ಲರೂ ಮೊದಲು ಮಾಡುವುದು ಇದನ್ನೇ. ನಾವೂ ಮಾಡಿದೆವು. ರಾತ್ರಿ ಹತ್ತಕ್ಕೆ ಮೊದಲ ಎಡಿಟ್ ಅನ್ನು ಕ್ಲಾಸಿನ ಗುಂಪಿಗೆ ಹಾಕಿದೆವು. ಅರ್ಧ ತಾಸಿನೊಳಗೆ "ಮಸ್ತ್", "ಬೆಂಕಿ", "ಸೂಪರ್ ಲೊಕೇಶನ್" ಬಂದವು. ಖುಷಿಯಾಯಿತು. ಆದರೆ ಬೆಳಿಗ್ಗೆ ಎಡಿಟ್ ಮಾಡಲು ಕೂತಾಗ ಅದರಲ್ಲಿ ಒಂದು ಮಾತೂ ಕೆಲಸಕ್ಕೆ ಬರಲಿಲ್ಲ. ಗೆಳೆಯರು ನಮಗೆ ಬೇಜಾರಾಗಬಾರದು ಎಂದು ಬರೆಯುತ್ತಾರೆ. ಅದು ಪ್ರೀತಿ. ಆ ಪ್ರೀತಿಯಲ್ಲಿ ವಿಡಿಯೊದ ತಪ್ಪು ಮಾತ್ರ ಕಾಣುವುದಿಲ್ಲ.

ಗುಂಪಿನಲ್ಲಿ ಪೋಲ್ ಹಾಕುವಾಗ ಒಂದು ಎಚ್ಚರ. ಯಾರು ಯಾವುದಕ್ಕೆ ಮತ ಕೊಟ್ಟರು ಎಂದು ಎಲ್ಲರಿಗೂ ಕಾಣುತ್ತದೆ. ಹಾಡಿಗೆ ಎರಡು ಹೆಸರು ಹಾಕಿ ಕೇಳಿದಾಗ, ನಮ್ಮ ತಂಡದವನೇ ಮೊದಲು ಒಂದನ್ನು ಒತ್ತಿಬಿಟ್ಟ. ಉಳಿದವರು ಅವನ ಹಿಂದೆ ಹೋದರು. ವಿಡಿಯೊವನ್ನು ಹಾಗೇ ಕಳಿಸಿದರೆ ವಾಟ್ಸ್‌ಆಪ್ ಅದನ್ನು ಕುಗ್ಗಿಸುತ್ತದೆ. ಆಮೇಲೆ "ಕ್ಲಿಯರ್ ಇಲ್ಲ" ಎನ್ನುವ ಮಾತು ಬಂದರೆ ಅದು ನಿಮ್ಮ ಕ್ಯಾಮೆರಾದ ತಪ್ಪೋ ಆಪ್‌ನದೋ ತಿಳಿಯುವುದಿಲ್ಲ. ಡಾಕ್ಯುಮೆಂಟ್ ಎಂದು ಲಗತ್ತಿಸಿ ಕಳಿಸಿ.

ಇದು ಒಂದೇ ಕೆಲಸಕ್ಕೆ ಒಳ್ಳೆಯದು. ಸಣ್ಣ, ನೇರ ಪ್ರಶ್ನೆಗೆ ಬೇಗ ಉತ್ತರ ಬೇಕಾದಾಗ. "ಎರಡನೇ ಸಾಲಿನ ಮಾತು ಕಿವಿಗೆ ಸರಿಯಾಗಿ ಬೀಳುತ್ತಾ?" ಎಂದು ಕೇಳಿ. "ಹೇಗಿದೆ?" ಎಂದು ಮಾತ್ರ ಕೇಳಬೇಡಿ.

ಗೂಗಲ್ ಫಾರ್ಮ್

ವರದಿಗೆ ಇದು ಬೇಕು, ನಿಜ. ಉತ್ತರಗಳು ತಾವಾಗಿಯೇ ಚಾರ್ಟ್ ಆಗಿ ಬರುತ್ತವೆ, ಮೇಷ್ಟ್ರಿಗೂ ತೋರಿಸಬಹುದು. ಆದರೆ ಫಾರ್ಮ್ ಕೆಡುವುದು ಪ್ರಶ್ನೆಯಲ್ಲೇ. ನಮ್ಮ ಮೊದಲ ಪ್ರಶ್ನೆ "ವಿಡಿಯೊ ಇಷ್ಟವಾಯಿತೇ? ಹೌದು, ಇಲ್ಲ" ಎಂದಿತ್ತು. 30 ಜನ ತುಂಬಿದರು, 28 ಜನ ಹೌದು ಎಂದರು. ಆ 28ನ್ನು ಇಟ್ಟುಕೊಂಡು ನಾವು ಏನು ಮಾಡಬೇಕು?

ಎರಡನೇ ಫಾರ್ಮ್‌ನಲ್ಲಿ ಪ್ರಶ್ನೆ ಬದಲಿಸಿದೆವು. ಹಾಡು ಯಾವುದರ ಬಗ್ಗೆ ಎಂದು ನಿಮ್ಮ ಮಾತಿನಲ್ಲಿ ಒಂದು ಸಾಲು ಬರೆಯಿರಿ. ಕಣ್ಣು ಮುಚ್ಚಿದರೆ ಯಾವ ದೃಶ್ಯ ನೆನಪಾಗುತ್ತದೆ? ಮುಂದಕ್ಕೆ ಓಡಿಸಬೇಕು ಎಂದು ಎಲ್ಲಿ ಅನ್ನಿಸಿತು? ಈ ಸಲ ಉತ್ತರ ಬಂದಿದ್ದು ಕಡಿಮೆ, 19 ಮಾತ್ರ. ಆದರೆ ಅದರಲ್ಲಿ ಏಳು ಜನ ಹಾಡನ್ನು ಪ್ರೇಮಗೀತೆ ಎಂದುಕೊಂಡಿದ್ದರು! ಮನೆ ಬಿಟ್ಟುಹೋದ ನೋವನ್ನು ಹುಡುಗಿ ಬಿಟ್ಟುಹೋದ ನೋವು ಎಂದುಕೊಂಡಿದ್ದರು. 28 "ಹೌದು"ಗಳಿಗಿಂತ ಆ ಏಳು ಉತ್ತರ ನಮಗೆ ಬೆಲೆಬಾಳಿದವು. ಮೊದಲ ಸಾಲಿಗೇ ಖಾಲಿ ಕಟ್ಟೆ, ಬಾಗಿಲಿಲ್ಲದ ಚೌಕಟ್ಟು ತಂದು ಸೇರಿಸಿದೆವು.

ಫಾರ್ಮ್‌ನ ದೊಡ್ಡ ಕೊರತೆ ಬೇರೆ ಇದೆ. ಫಾರ್ಮ್ ತುಂಬುವ ಅಭ್ಯಾಸ ಇರುವವರು ಮಾತ್ರ ತುಂಬುತ್ತಾರೆ. ನಮ್ಮ ಹಾಡು ಯಾರ ಬದುಕಿನದೋ ಆ ಅಜ್ಜ, ಆಯಿಯರು ಅದರಲ್ಲಿ ಒಬ್ಬರೂ ಇರಲಿಲ್ಲ. ಅಂಥವರಿಗೆ ಧ್ವನಿ ಸಂದೇಶ ಕಳಿಸಲು ಹೇಳಿ, ಇಲ್ಲವೇ ನೀವೇ ಹೋಗಿ. ಫಾರ್ಮ್‌ನಲ್ಲಿ ವಯಸ್ಸು, ಊರು ಕೇಳಿದರೆ ಸಾಕು. ಹೆಸರು, ಫೋನ್ ನಂಬರ್ ಸುಮ್ನೆ ಕೇಳಬೇಡಿ. ಹೆಸರು ಬರೆಯಬೇಕಾದಾಗ ಜನ ಒಳ್ಳೆಯದನ್ನೇ ಬರೆಯುತ್ತಾರೆ. ವರದಿಯಲ್ಲಿ "ಶೇ 36.8" ಎಂದು ಹಾಕುವ ಬದಲು "19 ಜನರಲ್ಲಿ ಏಳು ಜನ" ಎಂದು ಬರೆಯಿರಿ. ಇಷ್ಟು ಕಡಿಮೆ ಜನ ಇದ್ದಾಗ ಅದೇ ಪ್ರಾಮಾಣಿಕ ಲೆಕ್ಕ.

ಒಂದು ಕೋಣೆಯಲ್ಲಿ ಕೂಡಿಸಿ ತೋರಿಸುವುದು

ಎಂಟು ಹತ್ತು ಜನ, ಒಂದು ಪ್ರೊಜೆಕ್ಟರ್, ಚುರಮುರಿ ಸೂಸಲಾ, ಮಿರ್ಚಿ, ಚಹಾ. ಖರ್ಚು ಅಷ್ಟೇ. ಫಾರ್ಮ್‌ಗಿಂತ ಹತ್ತು ಪಾಲು ಸಿಗುತ್ತದೆ, ಆದರೆ ನಡೆಸುವ ರೀತಿ ಗೊತ್ತಿರಬೇಕು.

ವಿಡಿಯೊ ಓಡುವಾಗ ನಮ್ಮಲ್ಲಿ ಇಬ್ಬರು ಪರದೆಯನ್ನು ನೋಡಲೇ ಇಲ್ಲ. ಪಕ್ಕದಲ್ಲಿ ಕೂತು ಜನರ ಮುಖ ನೋಡಿದರು. ಯಾರು ಯಾವ ಹೊತ್ತಿಗೆ ಮೊಬೈಲ್ ತೆಗೆದರು, ಎಲ್ಲಿ ಮುಂದಕ್ಕೆ ಬಾಗಿದರು, ಎಲ್ಲಿ ಪಕ್ಕದವರ ಜೊತೆ ಮಾತಾಡಿದರು ಎಂದು ನಿಮಿಷ, ಸೆಕೆಂಡು ಸಮೇತ ಬರೆದುಕೊಂಡರು. ನಮ್ಮ ವಿಡಿಯೊದ 40ನೇ ಸೆಕೆಂಡಿನ ಆಸುಪಾಸು ಮೂರು ಜನ ಮೊಬೈಲ್ ತೆಗೆದರು. ಆಮೇಲೆ ಕೇಳಿದಾಗ ಮೂವರೂ "ಎಲ್ಲಾ ಚಲೋ ಐತಿ" ಎಂದರು. ಬಾಯಿ ಹೇಳಿದ್ದು ಒಂದು, ಕೈ ಹೇಳಿದ್ದು ಇನ್ನೊಂದು. ನಾವು ಕೈಯನ್ನು ನಂಬಿದೆವು.

ಮಾತು ಶುರುವಾಗುವ ಮುಂಚೆ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಮೂರು ನಿಮಿಷ ಯಾರೂ ಮಾತಾಡದೆ ಬರೆಯಲಿ. ಇದನ್ನು ಬಿಟ್ಟರೆ ಜೋರು ದನಿಯ ಒಬ್ಬರು ಮೊದಲು ಮಾತಾಡುತ್ತಾರೆ, ಉಳಿದವರು "ಹೌದ್ ಹೌದು" ಎನ್ನುತ್ತಾರೆ. ಇನ್ನೊಂದು ಮಾತು, ಇದು ನನಗೆ ತುಂಬಾ ಕಷ್ಟವಾದದ್ದು: ಸಮರ್ಥನೆ ಕೊಡಬೇಡಿ. "ಇಲ್ಲ, ಅದು ಯಾಕೆ ಹಾಗೆ ಅಂದರೆ..." ಎಂದು ನೀವು ಶುರು ಮಾಡಿದ ಕೂಡಲೇ ಎದುರಿನವರು ಬಾಯಿ ಮುಚ್ಚುತ್ತಾರೆ. ವಿಡಿಯೊ ಜೊತೆ ನೀವು ಎಲ್ಲಾ ಮನೆಗೂ ಹೋಗಿ ವಿವರಿಸಲು ಆಗುವುದಿಲ್ಲವಲ್ಲ.

ಒಬ್ಬೊಬ್ಬರ ಕೈಗೆ ಮೊಬೈಲ್ ಕೊಡುವುದು

ಆರರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನು ಆರಿಸುತ್ತೇನೆ.

ಎರಡು ಸಂಜೆ ನವನಗರದ ಬಸ್ ನಿಲ್ದಾಣದ ಹತ್ತಿರ, ಚಹಾ ಅಂಗಡಿಗಳಲ್ಲಿ, ಒಂದು ಗುಡಿಯ ಕಟ್ಟೆಯ ಮೇಲೆ ಕೂತೆವು. "ಅಜ್ಜಾರ, ನಾಲ್ಕು ನಿಮಿಷದ ಹಾಡು ಐತ್ರಿ, ನೋಡ್ತೀರೇನ್ರಿ? ನಮ್ಮ ಕಾಲೇಜಿನ ಕೆಲಸ" ಎಂದು ಕೇಳಿದೆವು. ಇಯರ್‌ಫೋನ್ ಕೊಟ್ಟೆವು. ಆಮೇಲೆ ಸುಮ್ಮನೆ ಕೂತೆವು. ಒಟ್ಟು 14 ಜನ ನೋಡಿದರು. ಬೇಡ ಎಂದವರೂ ಇದ್ದರು, ಅವರನ್ನು ಒತ್ತಾಯ ಮಾಡಲಿಲ್ಲ.

ಮೊದಲ ದಿನವೇ ಒಂದು ಸಂಗತಿ ಗೊತ್ತಾಯಿತು. ರಾತ್ರಿಯ ದೃಶ್ಯಗಳು ಲ್ಯಾಪ್‌ಟಾಪ್‌ನಲ್ಲಿ ಚೆಂದ ಕಂಡಿದ್ದವು. ಸಂಜೆ ಐದರ ಬಿಸಿಲಿನಲ್ಲಿ, ಸಣ್ಣ ಮೊಬೈಲಿನಲ್ಲಿ ಬರೀ ಕಪ್ಪು. ನೋಡುವವರು ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಕೋಣೆಯ ಕತ್ತಲೆಯಲ್ಲಿ ಪ್ರೊಜೆಕ್ಟರ್ ಹಾಕಿ ನೋಡಿದಾಗ ಇದು ಹೊಳೆದೇ ಇರಲಿಲ್ಲ. ಜನ ನಿಜವಾಗಿ ಎಲ್ಲಿ ನೋಡುತ್ತಾರೋ ಅಲ್ಲೇ ತೋರಿಸಿದ್ದರಿಂದ ತಿಳಿಯಿತು. ರಾತ್ರಿಯ ಎಲ್ಲಾ ದೃಶ್ಯಗಳಿಗೂ ಬೆಳಕು ಏರಿಸಿದೆವು.

ಎರಡನೇ ದಿನ ಒಬ್ಬ ಅಜ್ಜ ಸಿಕ್ಕರು. ಹಿನ್ನೀರಿನ ಮೇಲೆ ಸೂರ್ಯ ಮುಳುಗುವ ದೃಶ್ಯ ಬಂತು. ನಮ್ಮ ಇಡೀ ವಿಡಿಯೊದಲ್ಲಿ ನಮಗೆ ಹೆಮ್ಮೆ ಇದ್ದದ್ದು ಅದರ ಬಗ್ಗೆ. ಗುಂಪಿನಲ್ಲಿ "ಸೂಪರ್ ಲೊಕೇಶನ್" ಅನ್ನಿಸಿಕೊಂಡದ್ದೂ ಅದೇ. ಅಜ್ಜ ಪರದೆಯ ಮೇಲೆ ಬೆರಳಿಟ್ಟರು. ಹಾಡು ನಿಂತಿತು. "ತಮ್ಮಾ, ಇಲ್ಲೇ ನೋಡು. ಈ ನೀರಾಗ ನಮ್ಮ ಮನಿ ಐತಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, "ಆ ಮನಿ ಕೀಲಿಕೈ ಇನ್ನೂ ನನ್ನ ಕಡೆ ಐತಿ. ಮನಿ ಇಲ್ಲ, ಕೀಲಿಕೈ ಐತಿ."

ನಮಗೆ ಮಾತೇ ಹೊರಡಲಿಲ್ಲ. ನಮಗೆ ಚೆಂದದ ಸಂಜೆ, ಅವರಿಗೆ ಓಣಿ. ಒಂದೇ ದೃಶ್ಯ. ಮಾಧ್ಯಮದ ಪಾಠದಲ್ಲಿ ಸ್ಟುವರ್ಟ್ ಹಾಲ್ ಎಂಬ ಚಿಂತಕರ ಹೆಸರು ಕೇಳಿರುತ್ತೀರಿ. ಮಾಡಿದವರು ಇಟ್ಟ ಅರ್ಥವನ್ನೇ ನೋಡುಗರು ತೆಗೆದುಕೊಳ್ಳಬೇಕೆಂದಿಲ್ಲ, ಕೆಲವರು ಒಪ್ಪುತ್ತಾರೆ, ಕೆಲವರು ಅರ್ಧ ಒಪ್ಪುತ್ತಾರೆ, ಕೆಲವರು ಪೂರ್ತಿ ಬೇರೆಯಾಗಿ ಓದುತ್ತಾರೆ ಎಂದು ಅವರು 1973ರಲ್ಲಿ ಹೇಳಿದ್ದರು. ಪರೀಕ್ಷೆಗೆಂದು ಅದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ಕಟ್ಟೆಯ ಮೇಲೆ.

ಅದೇ ಅಜ್ಜ ಇನ್ನೊಂದು ತಪ್ಪನ್ನೂ ಹಿಡಿದರು. ಒಂದು ದೃಶ್ಯದಲ್ಲಿ ನೀರು ಮೇಲಿದೆ, ಅದರ ಬೆನ್ನಿಗೇ ಬರುವ ದೃಶ್ಯದಲ್ಲಿ ಕೆಳಗಿದೆ ಎಂದರು. ಒಂದನ್ನು ಚಳಿಗಾಲದಲ್ಲಿ ತೆಗೆದಿದ್ದೆವು, ಇನ್ನೊಂದನ್ನು ಏಪ್ರಿಲ್‌ನಲ್ಲಿ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಗರಿಷ್ಠ ಮಟ್ಟ 519.60 ಮೀಟರ್. ಬೇಸಿಗೆಗೆ ನೀರು ಅದಕ್ಕಿಂತ ಸಾಕಷ್ಟು ಇಳಿದಿರುತ್ತದೆ. ದಿನಾ ಆ ನೀರನ್ನು ನೋಡಿದವರ ಕಣ್ಣಿಗೆ ಅದು ಬೀಳದೇ ಇರುತ್ತದೆಯೇ? 30 ಜನ ಫಾರ್ಮ್ ತುಂಬಿದರೂ ಒಬ್ಬರೂ ಇದನ್ನು ಹೇಳಿರಲಿಲ್ಲ.

ಇದಕ್ಕೆ ಸಮಯ ಬೇಕು. ಸಂಕೋಚ ಬಿಡಬೇಕು. ತೋರಿಸುವ ಮುಂಚೆ ಕೇಳಬೇಕು, ಅವರ ಮುಖವನ್ನಾಗಲಿ ದನಿಯನ್ನಾಗಲಿ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಬಾರದು. ಹೊರಟ ಮೇಲೆ ಪಕ್ಕಕ್ಕೆ ಹೋಗಿ ಅವರ ಮಾತನ್ನು ಅವರ ಭಾಷೆಯಲ್ಲೇ ಬರೆದುಕೊಳ್ಳಿ.

ಯೂಟ್ಯೂಬ್ ಗ್ರಾಫ್

ವಿಡಿಯೊವನ್ನು ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ) ಇಟ್ಟು ಲಿಂಕ್ ಕಳಿಸಿದರೆ, ಜನ ಎಲ್ಲಿವರೆಗೆ ನೋಡಿದರು, ಎಲ್ಲಿ ಬಿಟ್ಟರು ಎಂಬ ಗ್ರಾಫ್ ಸಿಗುತ್ತದೆ ಎಂದು ಕೆಲವರು ಹೇಳುತ್ತಾರೆ. ಸಿಗುತ್ತದೆ, ಆದರೆ ಸಾಕಷ್ಟು ಜನ ನೋಡಿದಾಗ ಮಾತ್ರ. 20 ಜನ ನೋಡಿದ ಲಿಂಕ್‌ನಿಂದ ಏನೂ ತಿಳಿಯುವುದಿಲ್ಲ. ಅದೂ ಅಲ್ಲದೆ ಗ್ರಾಫ್ "ಇಲ್ಲಿ ಬಿಟ್ಟರು" ಎನ್ನುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಒಮ್ಮೆ ಹಾಕಿದ ವಿಡಿಯೊ ಬದಲು ಅದೇ ಲಿಂಕ್‌ಗೆ ಹೊಸದನ್ನು ಹಾಕಲೂ ಆಗುವುದಿಲ್ಲ. ಹಾಗಾಗಿ ಇದು ಬಿಡುಗಡೆಯ ನಂತರದ ಕೆಲಸ. ಜನ ಮತ್ತೆ ಮತ್ತೆ ಹಿಂದೆ ಹೋಗಿ ನೋಡಿದ ಜಾಗ ಗ್ರಾಫ್‌ನಲ್ಲಿ ದಿಬ್ಬದಂತೆ ಕಾಣುತ್ತದೆ. ಅದನ್ನು ಕತ್ತರಿಸಿ ಎರಡನೇ ಟೀಸರ್ ಮಾಡಿ.

ವಿಡಿಯೊ ಒತ್ತುವ ಮುಂಚೆ ಕಾಣುವ ಸಣ್ಣ ಚಿತ್ರ, ಅಂದರೆ ಥಂಬ್‌ನೇಲ್, ಮೂರರವರೆಗೆ ಹಾಕಿ ಯಾವುದು ಗೆಲ್ಲುತ್ತದೆ ಎಂದು ನೋಡುವ ಸೌಲಭ್ಯವೂ ಯೂಟ್ಯೂಬ್‌ನಲ್ಲಿದೆ. ವಿದ್ಯಾರ್ಥಿಗಳ ಸಣ್ಣ ಚಾನೆಲ್‌ಗೆ ಸಾಕಷ್ಟು ನೋಡುಗರು ಸಿಗುವ ಹೊತ್ತಿಗೆ ಪ್ರಾಜೆಕ್ಟ್ ಕೊಡುವ ದಿನವೇ ದಾಟಿರುತ್ತದೆ.

ಬಲ್ಲವರನ್ನು ಕೇಳುವುದು

ಕಲಿಸುವ ಮೇಡಂ, ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದ ಅಣ್ಣ, ಹಲಗಿ ಬಾರಿಸುವ ಕಾಕಾ. ಇವರು ಹೇಳುವುದು ಕಸುಬಿನ ಮಾತು. ಹಾಡಿನ ನಡುವೆ ಹಲಗಿ ಬರುತ್ತದೆ, ಅಲ್ಲಿ ನಮ್ಮ ಕಟ್‌ಗಳು ಪೆಟ್ಟಿಗಿಂತ ಚೂರು ತಡವಾಗಿ ಬೀಳುತ್ತಿದ್ದವು. ಬೇರೆ ಯಾರೂ ಹಿಡಿಯದ್ದನ್ನು ಕಾಕಾ ಒಂದೇ ಸಲಕ್ಕೆ ಹಿಡಿದರು, ತೊಡೆ ಮೇಲೆ ಬಾರಿಸಿ ತೋರಿಸಿದರು. ಹೋಳಿಯಲ್ಲಿ ಇಡೀ ಊರೇ ಹಲಗಿಗೆ ಕುಣಿಯುವ ಬಾಗಲಕೋಟೆಯಲ್ಲಿ ಆ ತಪ್ಪು ಉಳಿದಿದ್ದರೆ ನಾವು ತಲೆ ಎತ್ತಿ ತಿರುಗುವ ಹಾಗಿರಲಿಲ್ಲ.

ಬಲ್ಲವರ ಹತ್ತಿರ ಬೇಗ ಹೋಗಿ. ಕೊಡುವ ಹಿಂದಿನ ರಾತ್ರಿ ಹೋದರೆ ಅವರಿಗೂ ಸಂಕಟ, ನಿಮಗೂ ಸಂಕಟ.

ಪೋಸ್ಟರ್, ಕವರ್, ಟೀಸರ್‌ಗೆ ಲೆಕ್ಕ ಬೇರೆ

ವಿಡಿಯೊಗೆ ಜನ ನಾಲ್ಕು ನಿಮಿಷ ಕೊಡುತ್ತಾರೆ. ಪೋಸ್ಟರ್‌ಗೆ ಕೊಡುವುದು ನಡೆದುಹೋಗುವಾಗಿನ ಒಂದು ನೋಟ. ಅದಕ್ಕೆ ತಕ್ಕ ಹಾಗೆ ಕೇಳಬೇಕು. ಪೋಸ್ಟರನ್ನು ಐದು ಸೆಕೆಂಡು ತೋರಿಸಿ ಮುಚ್ಚಿ. ಏನು ಕಂಡಿತು, ಹೆಸರೇನು, ಯಾವತ್ತು ಬಿಡುಗಡೆ ಎಂದು ಕೇಳಿ. ನಮ್ಮ ಪೋಸ್ಟರ್ ನೋಡಿದ ಆರು ಜನರಲ್ಲಿ ಒಬ್ಬರಿಗೂ ದಿನಾಂಕ ನೆನಪಿರಲಿಲ್ಲ. ಕಪ್ಪು ಬಿಳುಪು ಜೆರಾಕ್ಸ್ ತೆಗೆದು ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ನಿಂತು ನೋಡುವುದಕ್ಕೆ ಹೆಚ್ಚು ಖರ್ಚಿಲ್ಲ. ಬಣ್ಣದ ಎ3 ಹಾಕಿಸುವ ಮುಂಚೆ ಇದನ್ನು ಮಾಡಿ.

ಕನ್ನಡ ಅಕ್ಷರಗಳ ಬಗ್ಗೆ ಒಂದು ಮಾತು. ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಂದಾಗ, ಇಲ್ಲವೇ ಡಿಸೈನ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಭಾಷೆಯ ಸೆಟ್ಟಿಂಗ್ ಸರಿ ಇಲ್ಲದಾಗ, ಒತ್ತಕ್ಷರ ಬಿಟ್ಟುಹೋಗಿ ಬೇರೆ ಕಡೆ ಕೂರುತ್ತದೆ. ಮಾಡಿದವರ ಕಣ್ಣಿಗೆ ಅದು ಬೀಳುವುದಿಲ್ಲ. ಕನ್ನಡ ಮೇಷ್ಟ್ರೊಬ್ಬರಿಗೆ ತೋರಿಸಿ, ಇಲ್ಲವೇ ಏಳನೇ ಕ್ಲಾಸಿನ ಮಗುವಿಗೆ ಕೊಟ್ಟು ಗಟ್ಟಿಯಾಗಿ ಓದಿಸಿ.

ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ ಎರಡು ಪೋಸ್ಟರ್ ಹಾಕಿ ಮತ ಕೇಳುವುದು ಸುಲಭ, 24 ತಾಸಿನಲ್ಲಿ ಮುಗಿಯುತ್ತದೆ. ನಾವು ಹಿನ್ನೀರಿನ ಸಂಜೆಯ ಪೋಸ್ಟರ್ ಒಂದು, ಅಂಗೈ ಮೇಲಿನ ಹಳೆ ಕೀಲಿಕೈ ಪೋಸ್ಟರ್ ಒಂದು ಹಾಕಿದೆವು. ಕೀಲಿಕೈ ಆ ಅಜ್ಜನದೇ, ಕೇಳಿ ಪಡೆದು ಫೋಟೊ ತೆಗೆದಿದ್ದೆವು. ಮತದಲ್ಲಿ ಸಂಜೆ ಗೆದ್ದಿತು, ಅದೂ ಚೆನ್ನಾಗಿಯೇ. ಆದರೆ ಅದೇ ಎರಡನ್ನು ಐದು ಸೆಕೆಂಡು ತೋರಿಸಿ ಮುಚ್ಚಿ ಕೇಳಿದಾಗ, ಸಂಜೆಯನ್ನು ನೋಡಿದವರು "ಟೂರಿಸಂದು ಏನೋ" ಎಂದರು. ಕೀಲಿಕೈ ನೋಡಿದವರು "ಯಾರ ಮನಿದು ಇದು?" ಎಂದು ತಿರುಗಿ ಕೇಳಿದರು. ಮತ ಕೇಳಿದಾಗ ಜನ ಚೆಂದವಾದದ್ದನ್ನು ಆರಿಸುತ್ತಾರೆ. ನಮಗೆ ಬೇಕಿದ್ದದ್ದು ನಿಂತು ಕೇಳುವಂತೆ ಮಾಡುವುದು. ಮತ ಬಿಟ್ಟು ಕೀಲಿಕೈ ಹಿಡಿದೆವು. ಯಾಕೆ ಎಂದು ವರದಿಯಲ್ಲಿ ಒಂದು ಪುಟ ಬರೆದೆವು. ಸಂಜೆಯ ಚಿತ್ರವನ್ನು ಟೀಸರ್‌ಗೆ ಇಟ್ಟುಕೊಂಡೆವು. ಬೆರಳಿನಿಂದ ಸರಿಸುತ್ತಾ ಹೋಗುವವರನ್ನು ತಡೆಯಲು ಅಲ್ಲಿ ಚೆಂದ ಬೇಕು.

ಯಾವ ಮಾತು ಕೇಳಬೇಕು, ಯಾವುದು ಬಿಡಬೇಕು

ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂರು ಜನ ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ಕಲ್ಲು ಇದೆ ಎಂದು ನಂಬಿ. ಆದರೆ ಅವರು ಹೇಳುವ ಮದ್ದು ಸರಿ ಇರಬೇಕೆಂದಿಲ್ಲ. ನಮಗೆ ಎಷ್ಟೋ ಜನ "ಹಾಡು ಉದ್ದ ಆಯ್ತು, ಒಂದು ಚರಣ ತೆಗೀರಿ" ಎಂದರು. ಬರೆದ ಗೆಳತಿ ಅತ್ತೇಬಿಟ್ಟಳು. ಕೋಣೆಯಲ್ಲಿ ಬರೆದುಕೊಂಡ ಸೆಕೆಂಡುಗಳನ್ನು ಮತ್ತೆ ನೋಡಿದೆವು. 40ನೇ ಸೆಕೆಂಡಿಗೆ ಮೊಬೈಲ್ ತೆಗೆದಿದ್ದರಲ್ಲ, ಅಲ್ಲಿಯವರೆಗೆ ನಮ್ಮ ವಿಡಿಯೊದಲ್ಲಿ ಒಂದೂ ಮನುಷ್ಯರ ಮುಖ ಇರಲಿಲ್ಲ! ಬರೀ ನೀರು, ಆಕಾಶ, ಹಕ್ಕಿ. ಒಬ್ಬ ಆಯಿಯ ಮುಖವನ್ನು 12ನೇ ಸೆಕೆಂಡಿಗೆ ತಂದೆವು. ಚರಣ ತೆಗೆಯಲಿಲ್ಲ. ಹಾಡು ಮೊದಲಿನಷ್ಟೇ ಉದ್ದ ಇತ್ತು. ಆಮೇಲೆ ಉದ್ದ ಎಂದು ಯಾರೂ ಹೇಳಲಿಲ್ಲ.

"ಡ್ರೋನ್ ಹಾಕಿ, ಸಿನಿಮಾ ಥರ ಫಾಸ್ಟ್ ಕಟ್ ಮಾಡಿ" ಎಂಬ ಮಾತು ಗೆಳೆಯರಿಂದ ಜಾಸ್ತಿ ಬಂತು. ಅದನ್ನು ಬಿಟ್ಟೆವು. ನಮ್ಮ ಹಾಡಿನ ನಡೆ ನಿಧಾನ, ಅದಕ್ಕೆ ಅದು ಕೂರುತ್ತಿರಲಿಲ್ಲ. ಬಿಟ್ಟದ್ದನ್ನೂ ವರದಿಯಲ್ಲಿ ಬರೆಯಿರಿ: ಯಾರು ಹೇಳಿದರು, ಯಾಕೆ ಬಿಟ್ಟೆವು. ಹಳೆ ಎಡಿಟ್‌ಗಳನ್ನು ಅಳಿಸಬೇಡಿ. ದಿನಾಂಕ ಹಾಕಿ ಕಟ್ 1, ಕಟ್ 2 ಎಂದು ಇಟ್ಟುಕೊಳ್ಳಿ. ಬದಲಾವಣೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ದಿನಗಳ ಲೆಕ್ಕಕ್ಕೆ ಬಂದರೆ, ನಿಮ್ಮ ಹತ್ತಿರ ಎರಡೇ ದಿನ ಇದ್ದರೆ ಒಂದು ಸಂಜೆ ಚಹಾ ಅಂಗಡಿ, ಇನ್ನೊಂದು ಸಂಜೆ ಒಬ್ಬ ಬಲ್ಲವರು. ಫಾರ್ಮ್ ಬಿಡಿ. ಒಂದು ವಾರ ಇದ್ದರೆ ನಡುವೆ ಕೋಣೆಯಲ್ಲಿ ಒಮ್ಮೆ ಕೂಡಿಸಿ, ಫಾರ್ಮ್ ಕಳಿಸಿ. ಇನ್ನೂ ಚಿತ್ರೀಕರಣವೇ ಆಗಿಲ್ಲ ಎಂದರೆ ನೀವು ಅದೃಷ್ಟವಂತರು. ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ಸಾಲಾಗಿ ಜೋಡಿಸಿ, ಮೇಲೆ ಹಾಡು ಓಡಿಸಿ ನಾಲ್ಕು ಜನರಿಗೆ ತೋರಿಸಿ. ಪ್ರೇಮಗೀತೆ ಎಂದುಕೊಂಡರೆ ಆಗಲೇ ಗೊತ್ತಾಗುತ್ತದೆ. ನಾವು ಇದನ್ನು ಮಾಡದೆ ಎರಡು ದಿನದ ಶೂಟಿಂಗ್ ಮತ್ತೆ ಮಾಡಬೇಕಾಯಿತು.

ಬಿಡುಗಡೆಗೆ ಮುಂಚೆ ಕೀಲಿಕೈ ಕೊಟ್ಟ ಅಜ್ಜನ ಮನೆಗೆ ಹೋದೆವು. ಕೊನೆಯ ಎಡಿಟ್ ತೋರಿಸಿದೆವು. ಪೋಸ್ಟರ್ ಪ್ರಿಂಟ್ ಒಂದನ್ನು ಕೊಟ್ಟೆವು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಚಲೋ ಐತಿ. ಆದ್ರ ತಾರೀಕು ಇನ್ನೂ ಸಣ್ಣದಾತು, ನನ್ನಂಥವ್ರಿಗೆ ಕಾಣೂದಿಲ್ಲ" ಎಂದರು. ಅವತ್ತು ರಾತ್ರಿಯೇ ದಿನಾಂಕದ ಅಕ್ಷರ ದೊಡ್ಡದು ಮಾಡಿ ಮತ್ತೆ ಪ್ರಿಂಟ್ ಹಾಕಿಸಿದೆವು.